‘ಗುಡ್ ಟೈಮ್ಸ್’ ಬೇಸ್ ಕಲಿಸುವ ವಿಡಿಯೊ ಕೋರ್ಸ್: ದುಡ್ಡು ಕೊಡಬಹುದಾ?

ಷಿಕ್ ತಂಡದ ‘ಗುಡ್ ಟೈಮ್ಸ್’ 1979ರ ಡಿಸ್ಕೊ ಹಾಡು. ಬರ್ನಾರ್ಡ್ ಎಡ್ವರ್ಡ್ಸ್ ನುಡಿಸಿದ ಅದರ ಬೇಸ್ ಗಿಟಾರ್ ಸಾಲಿನ ಮೇಲೆಯೇ ಅದೇ ವರ್ಷ ‘ರ‍್ಯಾಪರ್ಸ್ ಡಿಲೈಟ್’ ಎಂಬ ರ‍್ಯಾಪ್ ಹಾಡು ಕೂಡ ಬಂತು. ಈ ಒಂದೇ ಸಾಲು ಕಲಿಸುವ ಕೋರ್ಸ್ ಇದೆ ಅಂತ ಗೊತ್ತಾದ ತಕ್ಷಣ ಕೊಂಡುಬಿಟ್ಟೆ.

ಶುರುವಿನ ಪಾಠಕ್ಕೆ ಪೂರ್ತಿ ಅಂಕ. ಮೂರು ಸಲ ‘ಇ’ ಸ್ವರ, ಒಂದು ಖಾಲಿ ಜಾಗ, ಆಮೇಲೆ ‘ಎ’ ಕಡೆಗೆ ಓಟ. ನಾವೆಲ್ಲ ಓಟಕ್ಕೇ ಅವಸರ ಮಾಡುತ್ತೇವೆ, ಅಲ್ವಾ? ಈ ಮೇಷ್ಟ್ರು ಮಾತ್ರ ಆ ಮೂರು ‘ಇ’ಗಳನ್ನು ಬಿಟ್ಟು ಮುಂದಕ್ಕೆ ಹೋಗಲು ಬಿಡುವುದೇ ಇಲ್ಲ. ಅವರು ನುಡಿಸುವುದು ಬೆರಳು ಒತ್ತದ ಖಾಲಿ ತಂತಿ, ಸುಮ್ನೆ ಬಿಟ್ಟರೆ ಗುಂಯ್ ಅನ್ನುತ್ತಲೇ ಇರುತ್ತದೆ. ಎಡಗೈ ಬೆರಳುಗಳನ್ನು ತಂತಿಯ ಮೇಲೆ ಹಗುರವಾಗಿ ಮಲಗಿಸಿ ಸದ್ದು ಅಡಗಿಸುವುದನ್ನು ಕ್ಯಾಮೆರಾ ತೀರಾ ಹತ್ತಿರದಿಂದ ತೋರಿಸುತ್ತದೆ. ಒತ್ತಿದರೆ ಬೇರೆಯೇ ಸ್ವರ ಬರುತ್ತದೆ, ಮುಟ್ಟಿದರೆ ಸಾಕು. ಈ ಒಂದು ಪಾಠದಿಂದಲೇ ನನ್ನ ಕೈ ಬದಲಾಯಿತು.

ಆಮೇಲೆ ಸ್ವಲ್ಪ ಬೇಜಾರು. ಎಡ್ವರ್ಡ್ಸ್ ತೋರುಬೆರಳನ್ನೇ ಪ್ಲೆಕ್ಟ್ರಮ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಥರ ಆಡಿಸುತ್ತಿದ್ದ ‘ಚಕ್ಕಿಂಗ್’ ಶೈಲಿ ಇದೆಯಲ್ಲ, ಅದನ್ನು ಎರಡು ಮಾತಲ್ಲಿ ಮುಗಿಸಿದ್ದಾರೆ. ಯಾವ ತಂತಿಯನ್ನು ಎಲ್ಲಿ ಒತ್ತಬೇಕು ಅಂತ ತೋರಿಸುವ ಟ್ಯಾಬ್ ಹಾಳೆ ಫೋನಿನಲ್ಲಿ ಓದಲಾಗುವುದಿಲ್ಲ. ಅಭ್ಯಾಸದ ಟ್ರ್ಯಾಕ್ ನಿಧಾನ ಗತಿಯಿಂದ ನೇರ ಪೂರ್ತಿ ವೇಗಕ್ಕೆ ಜಿಗಿಯುತ್ತದೆ. ನಡುವಿನ ವೇಗಕ್ಕೆ ನಾನು ತಾಳ ಎಣಿಸುವ ಮೆಟ್ರೊನೋಮ್ ಆ್ಯಪ್ ಹಾಕಿಕೊಂಡೆ.

ಈಗಷ್ಟೇ ಬೇಸ್ ಹಿಡಿದವರಿಗೆ ಇದು ಬೇಡ. ಸ್ವಲ್ಪ ಬೆರಳು ಪಳಗಿದ್ದರೆ, ರಿಯಾಯಿತಿ ಬಂದಾಗ ತಗೊಳ್ಳಿ.