ಪುಟದಂಚಿನ ಚಿತ್ರಕ್ಕೆ ಯಾವ ಬಣ್ಣ? ಮೂರನ್ನೂ ಹಚ್ಚಿ ನೋಡಿದೆ

ದಾವಣಗೆರೆಯಲ್ಲಿ ನಮ್ಮ ತಾತನ ಮಂಡಿಯ ಖಾತೆ ಪುಸ್ತಕಗಳ ಅಂಚಿಗೆ ಕೆಂಪು ಬಣ್ಣ ಇರುತ್ತಿತ್ತು. ಪುಟದಂಚಿನ ಮೇಲೆ ಚಿತ್ರವನ್ನೇ ಬರೆಯಬಹುದು ಅಂತ ಗೊತ್ತಾದಾಗ ನನಗೆ ಮೊದಲು ನೆನಪಾದದ್ದು ಅದೇ.

ಇದರಲ್ಲಿ ಎರಡು ಬಗೆ. ಪುಸ್ತಕ ಮುಚ್ಚಿದ್ದಾಗಲೇ ಕಾಣುವಂಥದ್ದು ಒಂದು. 16ನೇ ಶತಮಾನದಲ್ಲಿ ಇಟಲಿಯ ಚಿತ್ರಕಾರ ಚೆಸಾರೆ ವೆಚೆಲ್ಲಿಯೊ ಪಿಲ್ಲೋನೆ ಮನೆತನದ ಗ್ರಂಥಗಳ ಅಂಚಿಗೆ ಬರೆದದ್ದು ಹೀಗೆ. ಪುಟಗಳನ್ನು ಬೀಸಣಿಗೆಯ ಹಾಗೆ ಓರೆ ಮಾಡಿದರೆ ಮಾತ್ರ ಕಾಣುವಂಥದ್ದು ಇನ್ನೊಂದು. ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್‌ನ ಎಡ್ವರ್ಡ್ಸ್ ಮನೆಯ ಬೈಂಡರ್‌ಗಳು 18ನೇ ಶತಮಾನದಲ್ಲಿ ಇದಕ್ಕೆ ಹೆಸರಾದವರು. ಬರೆದು ಮುಗಿದ ಮೇಲೆ ಅಂಚಿಗೆ ಚಿನ್ನದ ರೇಕು ಹಚ್ಚುತ್ತಿದ್ದರು. ಮುಚ್ಚಿದರೆ ಬರೀ ಚಿನ್ನ, ಬಾಗಿಸಿದರೆ ಚಿತ್ರ.

ನಾನು ಅಕ್ರಿಲಿಕ್, ಪೋಸ್ಟರ್ ಕಲರ್, ಟ್ಯೂಬಿನ ವಾಟರ್ ಕಲರ್ ಮೂರನ್ನೂ ಹಚ್ಚಿ ನೋಡಿದೆ. ಎರಡು ಹಲಗೆಯ ನಡುವೆ ಪುಸ್ತಕ ಇಟ್ಟು ಬಡಗಿಯ ಸಿ ಕ್ಲಾಂಪ್‌ನಿಂದ ಬಿಗಿದೆ. ಬಿಗಿ ಸಡಿಲವಾದರೆ ಯಾವ ಬಣ್ಣವಾದರೂ ಒಳಕ್ಕೆ ಇಳಿಯುತ್ತದೆ.

ಮುಚ್ಚಿದ ಅಂಚಿಗೆ ಅಕ್ರಿಲಿಕ್ ಚೆನ್ನ. ಬಣ್ಣ ಗಟ್ಟಿಯಾಗಿ ಕೂರುತ್ತದೆ, ಒದ್ದೆ ಕೈ ತಾಗಿದರೂ ಹೋಗುವುದಿಲ್ಲ. ಆದರೆ ದಪ್ಪಗೆ ಬಳಿದರೆ ಪುಟಗಳು ಒಂದಕ್ಕೊಂದು ಅಂಟುತ್ತವೆ. ನಾನು ಬಿಡಿಸಲು ಹೋಗಿ ಏಳೆಂಟು ಪುಟಗಳ ಅಂಚು ಸಿಪ್ಪೆಯ ಹಾಗೆ ಎದ್ದು ಬಂತು. ತೆಳುವಾಗಿ ಎರಡು ಸಲ ಹಚ್ಚಿ, ಒಣಗಿದ ಕೂಡಲೇ ಪುಟಗಳನ್ನು ಸರಸರ ಬಾಗಿಸಿದರೆ ಈ ತೊಂದರೆ ಇರದು.

ಪೋಸ್ಟರ್ ಕಲರ್ ಬೇಡ. ಒಣಗಿದ ಮೇಲೆ ಪುಡಿಯಾಗಿ ಉದುರಿ ಅಕ್ಷರದ ಮೇಲೆ ಕೂರುತ್ತದೆ.

ಓರೆ ಮಾಡಿ ಬರೆಯುವ ಚಿತ್ರಕ್ಕೆ ಮಾತ್ರ ವಾಟರ್ ಕಲರ್‌ಗೆ ಸಾಟಿಯಿಲ್ಲ. ಸುಮಾರು 600 ಪುಟದ ಒಂದು ಹಳೇ ನಿಘಂಟು ತೆಗೆದುಕೊಂಡೆ. ಮುಚ್ಚಿದಾಗ ಎರಡೂವರೆ ಸೆಂಟಿಮೀಟರ್ ಇದ್ದ ಅಂಚು ಬಾಗಿಸಿದಾಗ ನಾಲ್ಕರ ಹತ್ತಿರ ಬಂತು. ಇಷ್ಟು ಉದ್ದಕ್ಕೆ, ಇಷ್ಟೇ ಎತ್ತರಕ್ಕೆ ಒಗ್ಗುವುದು ಚಿತ್ರದುರ್ಗದ ಕೋಟೆಯೇ: ಬಂಡೆ, ಗೋಡೆ, ಮತ್ತೆ ಬಂಡೆ. ಕುಂಚ ಅದ್ದಿ, ಬಟ್ಟೆಯ ಮೇಲೆ ಎರಡು ಸಲ ಒತ್ತಿ, ಇನ್ನೇನು ಒಣಗಿತು ಅನ್ನುವಾಗ ಅಂಚಿಗೆ ತಾಗಿಸಬೇಕು. ಎಳೆಯಬಾರದು, ಚುಕ್ಕೆ ಇಡಬೇಕು. ಒಂದೊಂದು ಹಾಳೆಗೆ ಸಿಗುವುದು ಕೂದಲೆಳೆಯಷ್ಟು ಬಣ್ಣ. ಏಪ್ರಿಲ್ ಬಿಸಿಲಿಗೆ ಕುಂಚದಲ್ಲೇ ಬಣ್ಣ ಒಣಗುತ್ತಿತ್ತು, ಹಾಗಾಗಿ ಬೆಳಗ್ಗೆ ಎಂಟರೊಳಗೆ ಕೂರುತ್ತಿದ್ದೆ. ಕೋಟೆ ಮುಗಿಯಲು ಹನ್ನೊಂದು ದಿನ ಹಿಡಿಯಿತು.

ಚಿನ್ನದ ರೇಕು ನಾನು ಹಚ್ಚಿಲ್ಲ. ಅದಿಲ್ಲದೆ, ಮುಚ್ಚಿದ ಅಂಚಿನಲ್ಲಿ ಮಸುಕಾದ ಕಂದು ನೆರಳು ಉಳಿಯುತ್ತದೆ. ಆದರೂ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಆ ನೆರಳು ಅಗಲವಾಗಿ ಬಂಡೆಯಾಗುವ ಗಳಿಗೆ ಇದೆಯಲ್ಲ, ಅದಕ್ಕಾಗಿ ಇನ್ನೂ ಹನ್ನೊಂದು ದಿನ ಕೂರಲು ನಾನು ತಯಾರು.

ಕಾಗದವನ್ನೂ ನೋಡಿಕೊಳ್ಳಿ. ನ್ಯೂಸ್‌ಪ್ರಿಂಟ್ ನೀರು ಹೀರುತ್ತದೆ, ನುಣುಪಾದ ಆರ್ಟ್ ಪೇಪರ್ ಬಣ್ಣ ಹಿಡಿಯುವುದಿಲ್ಲ, ಪುಸ್ತಕ ಅಚ್ಚು ಹಾಕುವ ಮಾಮೂಲಿ ಮ್ಯಾಪ್‌ಲಿಥೋ ಕಾಗದ ಸರಿ. ಬರೀ ಗಮ್ ಹಾಕಿದ ಬೈಂಡಿಂಗ್ ಪದೇ ಪದೇ ಬಾಗಿಸಿದರೆ ಬೆನ್ನು ಬಿರುಕು ಬಿಡುತ್ತದೆ. ನನ್ನ ಒಂದು ಪುಸ್ತಕ ಹಾಗೇ ಎರಡು ಹೋಳಾಯಿತು. ನಿಘಂಟು ಹೊಲಿಗೆಯದ್ದು, ಇನ್ನೂ ಗಟ್ಟಿಯಾಗಿದೆ. ಈಗ ಅದೇ ಪುಸ್ತಕವನ್ನು ತಿರುಗಿಸಿ, ಇನ್ನೊಂದು ಕಡೆಗೆ ಬಾಗಿಸಿ ಚಂದ್ರವಳ್ಳಿ ಕೆರೆ ಶುರು ಮಾಡಿದ್ದೇನೆ.