ಕಾಯಿಲ್ ಬ್ರಾಕೆಟ್ ಡಿಸೈನ್ ಮಾಡಿಸುವವರೇ, ಪೂರ್ತಿ ಹಣ ಕೊಡುವ ಮೊದಲು ಇದನ್ನು ಓದಿ

ಹಳೆಯ ಕಾರಿನ ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಭಾಗ) ತೆಗೆದು ಪ್ರತಿ ಪ್ಲಗ್ಗಿನ ಮೇಲೂ ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಒಂದೊಂದು ಕಾಯಿಲ್ ಕೂರಿಸಬೇಕೆಂದು ಹೊರಟಿರುವವರು, ಅದಕ್ಕೆ ಬೇಕಾದ ಬ್ರಾಕೆಟ್ಟನ್ನು ಹೊರಗಿನ ಡಿಸೈನರಿಂದ ಮಾಡಿಸುವ ಯೋಚನೆಯಲ್ಲಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಬೆಂಗಳೂರಿನಲ್ಲಿ ಈ ಕೆಲಸ ಮಾಡಿಕೊಡುತ್ತೇನೆಂದು ಹೇಳಿಕೊಳ್ಳುವ ಒಬ್ಬರು ನನ್ನಿಂದ 18 ಸಾವಿರ ರೂಪಾಯಿ ಪಡೆದು, ಬೇರೆ ಯಾವುದೋ ಎಂಜಿನ್ನಿನ ಡ್ರಾಯಿಂಗನ್ನು ಕುಗ್ಗಿಸಿ ಕೈಗಿಟ್ಟಿದ್ದಾರೆ. ಕುಗ್ಗಿಸಿ ಎಂದರೆ ನಿಜವಾಗಿಯೂ ಕುಗ್ಗಿಸಿ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಆದರೆ ಅವರು ಕೆಲಸ ಮಾಡಿದ ರೀತಿಯನ್ನು ಒಂದೂ ಬಿಡದೆ ಬರೆಯುತ್ತೇನೆ.

ನನ್ನದು ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಎಸ್ಟೀಮ್, 1298 ಸಿಸಿ, 16 ವಾಲ್ವಿನ ಎಂಜಿನ್. ಹೊಸ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹಾಕಿಸುತ್ತಿದ್ದುದರಿಂದ ಡಿಸ್ಟ್ರಿಬ್ಯೂಟರಿನ ರೋಟರ್, ಕ್ಯಾಪ್, ಉದ್ದನೆಯ ಪ್ಲಗ್ ವೈರುಗಳ ಕಾಟವನ್ನು ಒಂದೇ ಸಲಕ್ಕೆ ಮುಗಿಸಿಬಿಡೋಣವೆಂದು ಜೆ.ಸಿ. ರಸ್ತೆಯಲ್ಲಿ ಕೊರೊಲ್ಲಾ ಕಾರಿನ ನಾಲ್ಕು ಕಾಯಿಲ್‌ಗಳನ್ನು ಕೊಂಡಿದ್ದೆ. ಇಗ್ನೈಟರ್ (ಕಾಯಿಲಿಗೆ ಕರೆಂಟ್ ಬಿಟ್ಟು ಕಡಿಯುವ ಎಲೆಕ್ಟ್ರಾನಿಕ್ ಸ್ವಿಚ್) ಒಳಗೇ ಇರುವ, ನಾಲ್ಕು ಪಿನ್ನಿನ ಕಾಯಿಲ್‌ಗಳವು. ಪ್ರತಿಯೊಂದಕ್ಕೂ ಒಂದೇ ಕಿವಿ, ಒಂದೇ ಎಂ6 (6 ಮಿ.ಮೀ.) ಬೋಲ್ಟು. ಆ ಕಿವಿಯನ್ನು ಹಿಡಿದುಕೊಳ್ಳಲು ಎಂಜಿನ್ನಿನ ಮೇಲಿನ ಮುಚ್ಚಳದಲ್ಲಿ, ಅಂದರೆ ನನ್ನ ವಾಲ್ವ್ ಕವರಿನಲ್ಲಿ, ಜಾಗವಿಲ್ಲ. ಆದ್ದರಿಂದಲೇ ಬ್ರಾಕೆಟ್. ನೋಡುವುದಕ್ಕೆ ಒಂದು ಪಟ್ಟಿಯಷ್ಟೇ ಆದರೂ ಅದರ ಎತ್ತರ ಸರಿಯಿರಬೇಕು, ತೂತುಗಳು ಪ್ಲಗ್ ಬಾವಿಗಳ (ಪ್ಲಗ್ಗುಗಳು ಕೂರುವ ಆಳದ ಕುಳಿಗಳ) ನೇರಕ್ಕೆ ಬರಬೇಕು, ಎಂಜಿನ್ ನಡುಕಕ್ಕೆ ಪಟ್ಟಿ ಅದುರಬಾರದು. ಎತ್ತರ ಹೆಚ್ಚಾದರೆ ಕಾಯಿಲಿನ ತುದಿಯ ರಬ್ಬರ್ ಬೂಟಿನೊಳಗಿನ ಸ್ಪ್ರಿಂಗ್ ಪ್ಲಗ್ಗಿನ ತಲೆಗೆ ಸರಿಯಾಗಿ ತಾಗದೆ ಕಿಡಿ ಅಲ್ಲೇ ಹಾರಿ ರಬ್ಬರನ್ನು ಸುಡುತ್ತದೆ. ಕಡಿಮೆಯಾದರೆ ಬೋಲ್ಟ್ ಬಿಗಿದಾಗ ಪ್ಲಾಸ್ಟಿಕ್ ಕಿವಿ ಸೀಳುತ್ತದೆ. ಇದನ್ನೆಲ್ಲ ನಾನು ಮೊದಲ ದಿನವೇ ಅವರಿಗೆ ಹೇಳಿದ್ದೆ. "ನಮಗೆ ಹೇಳ್ಬೇಕಾ ಸರ್, ಇಂಥವು ಎಷ್ಟೋ ಮಾಡಿದ್ದೀವಿ" ಎಂದಿದ್ದರು.

ಅವರು ಒಪ್ಪಿಕೊಂಡದ್ದು ಮೂರು ಕೆಲಸ. ವಾಲ್ವ್ ಕವರನ್ನು ತ್ರೀಡಿ ಸ್ಕ್ಯಾನ್ ಮಾಡುವುದು, ಅದರ ಮೇಲೆ 6061-ಟಿ6 ದರ್ಜೆಯ ಅಲ್ಯುಮಿನಿಯಂನಲ್ಲಿ ಬ್ರಾಕೆಟ್ ಡಿಸೈನ್ ಮಾಡಿ ಕತ್ತರಿಸಲು ಫೈಲ್ ಕೊಡುವುದು, ನಡುಕದ ಅನಾಲಿಸಿಸ್ ವರದಿ ಕೊಡುವುದು. ಮೂರಕ್ಕೂ ಬೇರೆ ಬೇರೆ ದರ ಹಾಕಿದ್ದರು. ಕವರನ್ನು ಬಿಚ್ಚಿಸಿ ಕೊಟ್ಟೆ. ವಾಪಸು ಬಂದಾಗ ಪ್ಲಗ್ ಬಾವಿಗಳ ಅಂಚಿನಲ್ಲಿ ಕಟ್ಟಿಕೊಂಡಿದ್ದ ಹಳೆಯ ಎಣ್ಣೆಜಿಡ್ಡು ಹಾಗೆಯೇ ಇತ್ತು. ಹೊಳೆಯುವ ಲೋಹವನ್ನು ಸ್ಕ್ಯಾನ್ ಮಾಡುವಾಗ ಸಾಮಾನ್ಯವಾಗಿ ಒರೆಸಿ ಬಿಳಿ ಸ್ಪ್ರೇ ಹೊಡೆಯುತ್ತಾರೆ, ಇಲ್ಲವೇ ಚುಕ್ಕಿ ಸ್ಟಿಕ್ಕರ್ ಅಂಟಿಸುತ್ತಾರೆ. ಇದರ ಮೇಲೆ ಸ್ಪ್ರೇಯ ಪುಡಿಯೂ ಇರಲಿಲ್ಲ, ಅಂಟಿನ ಗುರುತೂ ಇರಲಿಲ್ಲ. ಕೇಳಿದ್ದಕ್ಕೆ "ನಮ್ಮ ಸ್ಕ್ಯಾನರ್‌ಗೆ ಅದೆಲ್ಲ ಬೇಡ ಸರ್" ಎಂಬ ಉತ್ತರ ಬಂತು.

ಆಮೇಲೆ ಅವರು ನಿಜ ಅಳತೆಯಲ್ಲಿ ಮುದ್ರಿಸಿದ ಕಾಗದವೊಂದನ್ನು ಕಳಿಸಿದರು. ಅದನ್ನು ಕವರಿನ ಮೇಲೆ ಹಾಸಿ ನೋಡಿದರೆ ನಾಲ್ಕೂ ತೂತುಗಳ ಕೇಂದ್ರ ನಾಲ್ಕೂ ಬಾವಿಗಳ ಕೇಂದ್ರಕ್ಕೆ ಚೊಕ್ಕವಾಗಿ ಹೊಂದಿತ್ತು. ಬಾಕಿ ಹಣವನ್ನು ಅದೇ ದಿನ ಪಾವತಿಸಬೇಕು, ಆಗಲೇ ಫೈಲ್ ಕಳಿಸುವುದು ಎಂದರು. ಪಾವತಿಸಿದೆ. ಮೋಸದ ಜಾಣತನವೆಲ್ಲ ಆ ಕಾಗದದಲ್ಲೇ ಇತ್ತೆಂದು ಈಗ ಗೊತ್ತಾಗಿದೆ: ನಾನು ಯಾವುದನ್ನು ಹೊಂದಿಸಿ ನೋಡುತ್ತೇನೋ ಅದೊಂದನ್ನು ಮಾತ್ರ ಅವರು ಸರಿ ಮಾಡಿದ್ದರು.

ಪೀಣ್ಯದಲ್ಲಿ ಲೇಸರ್ ಕಟಿಂಗ್ ಮಾಡಿಸಿ ತಂದ ಬ್ರಾಕೆಟ್ಟಿಗೆ ಮೊದಲ ಕಾಯಿಲನ್ನು ಇಳಿಸಲು ಹೋದರೆ ಇಳಿಯಲಿಲ್ಲ. ಒತ್ತಿದರೂ ಇಳಿಯಲಿಲ್ಲ. ವರ್ನಿಯರ್ ಹಿಡಿದು ನೋಡಿದೆ: 25 ಮಿ.ಮೀ. ಇರಬೇಕಾದ ತೂತು 23.9 ಇತ್ತು. ಬೋಲ್ಟಿನ ತೂತು 6.6 ಇರಬೇಕಾದದ್ದು 6.3. ಎರಡನ್ನೂ ಭಾಗಿಸಿ ನೋಡಿ, ಒಂದೇ ಅನುಪಾತ ಬರುತ್ತದೆ. ಬೇರೊಂದು ಎಂಜಿನ್ನಿನ ಬ್ರಾಕೆಟ್ಟನ್ನು, ಅದರ ಪ್ಲಗ್ ಅಂತರ ನನ್ನ ಎಂಜಿನ್ನಿಗೆ ಸರಿಹೊಂದುವ ತನಕ, ಪೂರ್ತಿಯಾಗಿ ಸ್ಕೇಲ್ ಮಾಡಿದ್ದಾರೆ. ಅದರ ಜೊತೆಗೆ ಪ್ರತಿ ತೂತೂ ಅಷ್ಟೇ ಪ್ರಮಾಣದಲ್ಲಿ ಚಿಕ್ಕದಾಗಿದೆ. ಅಂಗಡಿಯಲ್ಲಿ ಮಷೀನ್ ನೋಡಿಕೊಳ್ಳುವ ಹುಡುಗನಿಗೆ ಫೋನ್ ಮಾಡಿ, ಕತ್ತರಿಸುವಾಗ ಅಳತೆ ಏನಾದರೂ ಬದಲಾಯಿತೇ ಎಂದು ಕೇಳಿದೆ. ಅವನು ಫೈಲನ್ನು ಮತ್ತೆ ತೆರೆದು ನೋಡಿ, "ಇಲ್ಲ ಸರ್, ಫೈಲಲ್ಲೇ 23.9 ಇದೆ. ಇದರಲ್ಲಿ ಆಫ್ ಮಾಡಿಟ್ಟ ಇನ್ನೊಂದು ಲೇಯರ್ ಇದೆ, ಅದರಲ್ಲಿ ಬೇರೆ ಎಂಜಿನ್ ಹೆಸರು ಬರೆದಿದೆ, ನೋಡಿದ್ರಾ?" ಎಂದ. ಸ್ಕ್ಯಾನ್ ಮಾಡಿದೆವೆಂದು ಹಣ ಪಡೆದವರು ಆ ಲೇಯರನ್ನು (ಡ್ರಾಯಿಂಗಿನಲ್ಲಿ ಮರೆಮಾಡಿಟ್ಟ ಪದರವನ್ನು) ಅಳಿಸುವಷ್ಟೂ ಶ್ರಮ ಪಟ್ಟಿರಲಿಲ್ಲ. ಫೋನ್ ಹಿಡಿದುಕೊಂಡು ನಿಂತಿದ್ದ ನನಗೆ ಆ ಹುಡುಗನಿಗೆ ಏನು ಹೇಳಬೇಕೆಂದೇ ತೋಚಲಿಲ್ಲ. ಕೋಪಕ್ಕಿಂತ ಮೊದಲು ಬಂದದ್ದು ನಾಚಿಕೆ.

ಡಿಸೈನರಿಗೆ ಅಳತೆಗಳ ಫೋಟೋ ಕಳಿಸಿದೆ. ಉತ್ತರ: "ರೌಂಡ್ ಅರ ಹಾಕಿ ಸ್ವಲ್ಪ ಉಜ್ಜಿಸಿ ಸರ್, ಕೂತ್ಕೊಳ್ಳುತ್ತೆ. ಎಲ್ಲರೂ ಹೀಗೇ ಮಾಡೋದು." ತೂತನ್ನು ಉಜ್ಜಬಹುದು, ಆದರೆ ಬ್ರಾಕೆಟ್ಟಿನ ಕಾಲುಗಳ ಗತಿಯೇನು? ನಾಲ್ಕು ಕಾಲುಗಳ ಪೈಕಿ ಎರಡು ಕವರಿನ ಯಾವ ಬೋಲ್ಟಿನ ಹತ್ತಿರವೂ ಬರುತ್ತಿರಲಿಲ್ಲ, ಒಂದಂತೂ ಆಯಿಲ್ ಕ್ಯಾಪಿನ ಅಂಚಿನ ಮೇಲೆಯೇ ಹತ್ತುತ್ತಿತ್ತು. ಅದಕ್ಕೆ ಬಂದ ಉತ್ತರವನ್ನು ಹಾಗೆಯೇ ಬರೆಯುತ್ತೇನೆ: "ಕವರ್‌ಗೇ ಡ್ರಿಲ್ ಹಾಕಿ ಟ್ಯಾಪ್ ಮಾಡ್ಬಿಡಿ, ಅಲ್ಯುಮಿನಿಯಂ ತಾನೇ." ಕ್ಯಾಮ್‌ಶಾಫ್ಟಿನ ಮೇಲೆ ಮುಚ್ಚಿರುವ ತೆಳ್ಳನೆಯ ಎರಕಕ್ಕೆ ತೂತು ಹೊಡೆದರೆ ಎಣ್ಣೆ ಒಸರುತ್ತದೆ, ಲೋಹದ ಚೂರು ಒಳಗೆ ಬಿದ್ದರೆ ಎಣ್ಣೆಯ ಜೊತೆ ಸುತ್ತುತ್ತದೆ. ಎಂಜಿನ್ ಕೆಲಸ ಬಲ್ಲವರು ಆಡುವ ಮಾತೇ ಇದು?

ಆಗ ಅನಾಲಿಸಿಸ್ ವರದಿಯನ್ನು ಸಾಲುಸಾಲಾಗಿ ಓದಿದೆ. ಬಣ್ಣ ಬಣ್ಣದ ಚಿತ್ರ, ಕೆಳಗೆ ದೊಡ್ಡದಾಗಿ 'ಪಾಸ್'. ವಸ್ತುವಿನ ಹೆಸರು ಅಲ್ಯುಮಿನಿಯಂ ಎಂದಿದೆ, ಆದರೆ ಅದರ ಎದುರಿಗೆ ಬರೆದಿರುವ ಯಂಗ್ಸ್ ಮಾಡ್ಯುಲಸ್ (ವಸ್ತು ಎಷ್ಟು ಬಿಗುವು ಎಂಬ ಅಳತೆ) 200 ಗಿಗಾಪಾಸ್ಕಲ್. ಅದು ಉಕ್ಕಿನದು; ಅಲ್ಯುಮಿನಿಯಂನದು ಸುಮಾರು 69. ಪಟ್ಟಿಯ ಮೇಲೆ ಕೂರುವ ನಾಲ್ಕು ಕಾಯಿಲ್‌ಗಳ ತೂಕವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಇಷ್ಟೆಲ್ಲ ಅನುಕೂಲ ಮಾಡಿಕೊಂಡ ಮೇಲೂ ಅವರಿಗೆ ಬಂದ ಮೊದಲ ಸಹಜ ಕಂಪನ, ಅಂದರೆ ಪಟ್ಟಿ ತಾನಾಗಿ ಅದುರುವ ವೇಗ, 140 ಹರ್ಟ್ಜ್. ನಾಲ್ಕು ಸಿಲಿಂಡರಿನ ಎಂಜಿನ್ 6000 ಆರ್‌ಪಿಎಂನಲ್ಲಿ ಓಡುವಾಗ ಅದರ ಮುಖ್ಯ ನಡುಕ, ಪ್ರತಿ ಸುತ್ತಿಗೂ ಎರಡರಂತೆ, 200 ಹರ್ಟ್ಜ್‌ಗೆ ಏರುತ್ತದೆ. 140 ಎಂದರೆ 4200 ಆರ್‌ಪಿಎಂ; ಅಲ್ಲಿ ಎಂಜಿನ್ ನಡುಕ ಪಟ್ಟಿಯ ಸಹಜ ಕಂಪನಕ್ಕೆ ಹೊಂದಿ ಪಟ್ಟಿ ಜೋರಾಗಿ ಅದುರುತ್ತದೆ. ಹೆದ್ದಾರಿಯಲ್ಲಿ ಓವರ್‌ಟೇಕ್ ಮಾಡುವಾಗ ಸರಿಯಾಗಿ ಅಲ್ಲಿಗೇ ಬರುತ್ತೇವೆ. ಇದಕ್ಕೆ 'ಪಾಸ್' ಎಂದು ಹೇಗೆ ಬರೆದಿರಿ ಎಂದು ಕೇಳಿದೆ. "ವ್ಯಾಲ್ಯೂ ಸಾಫ್ಟ್‌ವೇರ್ ಡಿಫಾಲ್ಟ್ ಸರ್. ರಿಸಲ್ಟ್ ಗ್ರೀನ್ ಬಂದಿದೆಯಲ್ಲ?" ಗ್ರೀನ್ ಬಂದಿದೆಯಂತೆ!

ಲೇಯರಿನ ವಿಷಯ ಎತ್ತಿದ ಮೇಲೆ ಮಾತಿನ ಧಾಟಿಯೇ ಬದಲಾಯಿತು. ಮೊದಲು "ರೆಫರೆನ್ಸ್‌ಗೆ ಇಟ್ಕೊಂಡಿದ್ದೆ" ಎಂದರು. ಹಾಗಾದರೆ ನನ್ನ ಕವರಿನ ಸ್ಕ್ಯಾನ್ ಫೈಲನ್ನು ಕಳಿಸಿ ಎಂದೆ. ಎರಡು ನೀಲಿ ಗೆರೆ ಬಂದವು, ಉತ್ತರ ಬರಲಿಲ್ಲ. ಮತ್ತೆ ಕೇಳಿದೆ, ಮತ್ತೆ ಕೇಳಿದೆ. ಕೊನೆಗೆ ಬಂದದ್ದು ಇದು: "ಪೇಪರ್ ನೋಡಿ ನೀವೇ ಓಕೆ ಮಾಡಿದ್ದೀರಿ, ರೀಫಂಡ್ ಆಗಲ್ಲ. ಫುಲ್ ಸ್ಕ್ಯಾನ್ ಬೇಕು ಅಂದ್ರೆ ಅದಕ್ಕೆ ಬೇರೆ ಚಾರ್ಜ್." ಸ್ಕ್ಯಾನಿಗೆಂದೇ 6 ಸಾವಿರ ರೂಪಾಯಿ ತೆಗೆದುಕೊಂಡವರು ಬರೆದ ಮಾತಿದು! ಕಾಗದದಲ್ಲಿ ಎತ್ತರ ಕಾಣುವುದಿಲ್ಲ, ಸ್ಕ್ಯಾನ್ ನಡೆದಿತ್ತೋ ಇಲ್ಲವೋ ಕಾಣುವುದಿಲ್ಲ. ಅದನ್ನೇ ನನ್ನ ಒಪ್ಪಿಗೆಯೆಂದು ನನ್ನ ಮುಖಕ್ಕೇ ಹಿಡಿಯುತ್ತಾರೆ. ಬಿಲ್ ಕೇಳಿದೆ, ಅದನ್ನೂ ಕೊಟ್ಟಿಲ್ಲ.

ಮಾಡಿಸುವವರಿಗೆ ಹೇಳುವುದಿಷ್ಟು. ಸ್ಕ್ಯಾನಿಗೆ ಹಣ ಕೇಳಿದರೆ ಸ್ಕ್ಯಾನ್ ಫೈಲನ್ನು ಮೊದಲು ಕೈಗೆ ಪಡೆಯಿರಿ. ಕಾಗದಕ್ಕೆ ಒಪ್ಪಿಗೆ ಕೊಡಬೇಡಿ. ತ್ರೀಡಿ ಪ್ರಿಂಟ್ ಮಾಡಿದ ಪ್ಲಾಸ್ಟಿಕ್ ಮಾದರಿ ಕೇಳಿ, ಅದರಲ್ಲಿ ನಾಲ್ಕೂ ಕಾಯಿಲ್ ಕೂತು, ಬೂಟುಗಳು ಪ್ಲಗ್ಗನ್ನು ಕಚ್ಚಿಕೊಂಡ ಮೇಲೆಯೇ ಬಾಕಿ ಹಣ ಕೊಡಿ. ವರದಿಯಲ್ಲಿ ಬಣ್ಣ ನೋಡಬೇಡಿ, ಅಂಕಿ ನೋಡಿ. "ಎಷ್ಟೋ ಮಾಡಿದ್ದೀವಿ" ಎನ್ನುವವರಿಂದ, ಹಾಗೆ ಮಾಡಿಸಿಕೊಂಡ ಒಬ್ಬರ ಫೋನ್ ನಂಬರ್ ಕೇಳಿ.

ನಾನು ಈಗ ಪೀಣ್ಯದ ಅದೇ ಅಂಗಡಿಯವರ ಜೊತೆ ಕೂತು ಬಾವಿಗಳ ಅಳತೆಯನ್ನು ಕೈಯಿಂದಲೇ ತೆಗೆಸುತ್ತಿದ್ದೇನೆ. ಆ ಬ್ರಾಕೆಟ್, ಆಫ್ ಮಾಡಿಟ್ಟ ಲೇಯರಿನ ಸಮೇತ ಆ ಫೈಲ್, 'ಪಾಸ್' ಆದ ವರದಿ, ಮೆಸೇಜುಗಳು, ಎಲ್ಲವೂ ನನ್ನ ಬಳಿ ಇವೆ. ಬೆಂಗಳೂರಿನಲ್ಲಿ ಯಾರಾದರೂ ಇಂಥ ಕೆಲಸಕ್ಕೆ ಮುಂಗಡ ಕೊಟ್ಟು ಫೈಲಿಗಾಗಿ ಕಾಯುತ್ತಿದ್ದರೆ ಕೇಳಿ, ತೋರಿಸುತ್ತೇನೆ. ನಿಮ್ಮ ಕೈಗೆ ಬರುವ ಡ್ರಾಯಿಂಗಿನ ಜೊತೆ ಹೋಲಿಸಿ ನೋಡಿಕೊಳ್ಳಬಹುದು.