ಜಪಾನೀ ರೆಸ್ಟೋರೆಂಟಿನ ‘ವೆಜ್ ಸೆಟ್ ಲಂಚ್’: ಹಸಿರು ಚುಕ್ಕೆ ನೋಡಿ ನಂಬಬೇಡಿ

ಮಂಗಳೂರಿನ ಒಂದು ದುಬಾರಿ ಜಪಾನೀ ರೆಸ್ಟೋರೆಂಟಿನಲ್ಲಿ, ಮೆನುವಿನಲ್ಲಿ ಹಸಿರು ಚುಕ್ಕೆ ಇದ್ದ ಸೆಟ್ ಲಂಚ್‌ನಲ್ಲೇ ನಮ್ಮ ಅತ್ತೆಗೆ ಮೀನಿನ ಸಾರು ಕುಡಿಸಿದರು. ಬೇರೆ ಟೇಬಲ್ಲಿನ ಬಟ್ಟಲು ತಪ್ಪಿ ಬಂದದ್ದಲ್ಲ. ಅಲ್ಲಿ ದಿನವೂ ಮಾಡುವುದೇ ಹಾಗೆ. ನಿಮ್ಮ ಮನೆಯಲ್ಲಿ ಸಸ್ಯಾಹಾರಿಗಳಿದ್ದರೆ, ಯಾರಿಗಾದರೂ ಮೀನಿನ ಅಲರ್ಜಿ ಇದ್ದರೆ, ದಯವಿಟ್ಟು ಇದನ್ನು ಓದಿ ಹೋಗಿ.

ನಾನು ಮೀನು ತಿಂದು ಬೆಳೆದವಳು. ಬಂಗುಡೆ ಪುಳಿಮುಂಚಿ ನಮ್ಮ ತವರಿನ ಭಾನುವಾರದ ಊಟ. ಮದುವೆಯಾಗಿ ಬಂದದ್ದು ಉಡುಪಿಯ ಸಸ್ಯಾಹಾರಿ ಮನೆಗೆ. ಅತ್ತೆ ಮೊಟ್ಟೆ ಕೂಡ ಮುಟ್ಟಿದವರಲ್ಲ. ಆದರೆ ಹೊಸ ರುಚಿ ಅಂದರೆ ಅವರಿಗೆ ಬಹಳ ಆಸೆ. ಮಗನಿಗೆ ಪ್ರಮೋಷನ್ ಆದಾಗ "ಜಪಾನಿನವರ ಊಟ ಒಮ್ಮೆ ನೋಡುವ" ಅಂದದ್ದು ಅವರೇ. ನಾನು ಮೊದಲೇ ಫೋನ್ ಮಾಡಿ ಕೇಳಿದೆ. "ವೆಜ್ ಸೆಟ್ ಬೇರೆಯೇ ಉಂಟು ಮೇಡಂ, ಪೂರ್ತಿ ವೆಜ್" ಎಂಬ ಉತ್ತರ ಬಂತು.

ಒಬ್ಬರಿಗೆ 1,350 ರೂಪಾಯಿ. ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಸೂಪ್, ಅನ್ನ, ಹಿಟ್ಟಿನಲ್ಲಿ ಅದ್ದಿ ಕರಿದ ತರಕಾರಿ ಟೆಂಪುರ, ಕರಿದ ತೋಫು (ಸೋಯಾ ಪನೀರ್), ಸಲಾಡ್, ಉಪ್ಪಿನಕಾಯಿ, ಕೊನೆಗೊಂದು ಸಿಹಿ. ಜಾಗ ಚಂದ, ಪಾತ್ರೆಗಳು ಇನ್ನೂ ಚಂದ. ಅತ್ತೆ ಸೂಪಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಅರ್ಧ ಕುಡಿದಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಇದಕ್ಕೆ ಎಂಥದೋ ವಾಸನೆ ಉಂಟಲ್ಲ?" ಅಂದರು. ನಾನು ಮೂಸಿದೆ. ಒಣಮೀನು! ಕರಾವಳಿಯಲ್ಲಿ ಹುಟ್ಟಿದವರಿಗೆ ಆ ವಾಸನೆ ಹೇಳಿಕೊಡಬೇಕಾ?

ಬಡಿಸುವ ಹುಡುಗನನ್ನು ಕೇಳಿದರೆ "ಮೀನಿನ ಪೀಸ್ ಏನೂ ಇಲ್ಲ ಮೇಡಂ, ವೆಜ್" ಅಂದ. ಅಡುಗೆಯವರನ್ನೇ ಕರೆಸಲು ಹೇಳಿದೆ. ಬಂದವರು ಸ್ವಲ್ಪವೂ ಮುಜುಗರ ಇಲ್ಲದೆ, "ದಾಶಿ ಎಲ್ಲದಕ್ಕೂ ಹಾಕ್ತೇವೆ, ಅದು ಬರೀ ಸ್ಟಾಕ್ ಅಷ್ಟೇ" ಅಂದರು. ಅತ್ತೆ ಬಟ್ಟಲನ್ನು ದೂರ ಸರಿಸಿದರು. ಆಮೇಲೆ ಆ ಟೇಬಲ್ಲಿನಲ್ಲಿ ನೀರು ಕೂಡ ಕುಡಿಯಲಿಲ್ಲ. ಯಾರ ಮೇಲೂ ದನಿ ಎತ್ತಲಿಲ್ಲ. ಅದನ್ನು ನೋಡಿ ನನಗೆ ಇನ್ನೂ ಸಂಕಟವಾಯಿತು.

ದಾಶಿ ಎಂದರೆ ಜಪಾನೀ ಅಡುಗೆಯ ಮೂಲ ಸಾರು. ನಮ್ಮಲ್ಲಿ ಸಾರಿಗೆ ಬೇಳೆಕಟ್ಟು ಇದ್ದ ಹಾಗೆ. ಸಾಮಾನ್ಯವಾಗಿ ಅದನ್ನು ಕೊಂಬು ಎಂಬ ಕಡಲ ಪಾಚಿ ಮತ್ತು ಕತ್ಸುಒಬುಶಿ, ಇವೆರಡರಿಂದ ಮಾಡುತ್ತಾರೆ. ಕತ್ಸುಒಬುಶಿ ಎಂದರೆ ಬೇಯಿಸಿ, ಹೊಗೆಯಲ್ಲಿ ಒಣಗಿಸಿ, ಮರದ ಹಾಗೆ ಗಟ್ಟಿಯಾದ ಟ್ಯೂನಾ ಜಾತಿಯ ಮೀನು. ಅದನ್ನು ತೆಳ್ಳಗೆ ಹೆರೆದು ಬಿಸಿನೀರಿಗೆ ಹಾಕಿ ಸೋಸುತ್ತಾರೆ. ಸೋಸಿದ ಮೇಲೆ ಕಣ್ಣಿಗೆ ಮೀನು ಕಾಣುವುದಿಲ್ಲ. ಸಮಯ ಇಲ್ಲದ ಕಡೆ ಹೊಂದಾಶಿಯಂಥ ರೆಡಿ ಪುಡಿ ಹಾಕುತ್ತಾರೆ, ಅದರಲ್ಲೂ ಇದೇ ಮೀನಿನ ಪುಡಿ ಇರುತ್ತದೆ.

ಇದರಲ್ಲಿ ಜಪಾನಿನವರ ತಪ್ಪು ಏನೂ ಇಲ್ಲ. ಅವರ ಊಟವೇ ಹಾಗೆ. ಅಷ್ಟೇ ಅಲ್ಲ, ಅಲ್ಲಿನ ಬೌದ್ಧ ದೇವಾಲಯಗಳಲ್ಲಿ ಶೋಜಿನ್ ರ‍್ಯೋರಿ ಎಂಬ ಸಸ್ಯಾಹಾರಿ ಅಡುಗೆ ನೂರಾರು ವರ್ಷಗಳಿಂದ ಇದೆ. ಅದಕ್ಕೆ ಕೊಂಬು ಅಥವಾ ಒಣಗಿದ ಶಿಟಾಕೆ ಅಣಬೆ ನೆನೆಸಿದ ನೀರೇ ದಾಶಿ. ಉಮಾಮಿ ಎಂಬ ರುಚಿಗೆ ಕಾರಣವಾದ ಗ್ಲುಟಮೇಟನ್ನು ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ 1908ರಲ್ಲಿ ಗುರುತಿಸಿದ್ದು ಕೊಂಬು ಸಾರಿನಲ್ಲೇ, ಮೀನಿನಲ್ಲಲ್ಲ. ಅಂದರೆ ಮೀನಿಲ್ಲದೆಯೂ ರುಚಿಯಾದ ಮಿಸೊ ಸೂಪ್ ಖಂಡಿತ ಆಗುತ್ತದೆ. ಕೊಂಬು ನೆನೆಸಿದ ಒಂದು ಪಾತ್ರೆ ಬೇರೆ ಇಡಬೇಕು, ಅಷ್ಟೇ. ಅಷ್ಟು ದುಡ್ಡು ತೆಗೆದುಕೊಳ್ಳುವವರಿಗೆ ಇದು ಕಷ್ಟವಾ?

ನಾನು ಒಂದೊಂದೇ ಐಟಂ ಕೇಳುತ್ತಾ ಹೋದೆ. ತೋಫುವಿನ ಅಡಿಯಲ್ಲಿದ್ದ ಕಂದು ರಸಕ್ಕೆ ಅದೇ ದಾಶಿ. ಟೆಂಪುರ ಅದ್ದುವ ಸಾಸಿಗೂ ಅದೇ. ಟೆಂಪುರದ ಹಿಟ್ಟಿಗೆ ಮೊಟ್ಟೆ, ಕರಿದದ್ದು ಸಿಗಡಿ ಕರಿದ ಎಣ್ಣೆಯಲ್ಲೇ. ಸಲಾಡಿಗೆ ಮೊಟ್ಟೆ ಹಳದಿಯ ಮಯೋನೀಸ್. ನಮ್ಮ ದೇಶದ ನಿಯಮದಲ್ಲಿ ಮೊಟ್ಟೆ ಕೂಡ ಮಾಂಸಾಹಾರದ ಗುರುತಿನ ಲೆಕ್ಕಕ್ಕೇ ಬರುತ್ತದೆ. ಕೊನೆಗೆ ಸಮಾಧಾನಕ್ಕೆ ಅಂತ ಮ್ಯಾನೇಜರು ಒಂದು ಮ್ಯಾಚಾ ಪನ್ನಾಕೋಟಾ (ಗ್ರೀನ್ ಟೀ ಪುಡಿ ಹಾಕಿದ ಕೆನೆಯ ಸಿಹಿ) ಫ್ರೀ ಆಗಿ ತಂದರು. ಅದನ್ನು ಕೇಳಿದರೆ ಜೆಲಾಟಿನ್ ಹಾಕಿದ್ದಂತೆ. ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವಂಥದ್ದು. ಚೈನಾ ಗ್ರಾಸ್ ಹಾಕಿದ್ದರೆ ಮುಗಿಯುತ್ತಿತ್ತು. ಇಡೀ ತಟ್ಟೆಯಲ್ಲಿ ಅತ್ತೆ ತಿನ್ನಬಹುದಾಗಿದ್ದದ್ದು ಅನ್ನ ಮತ್ತು ಉಪ್ಪಿನಕಾಯಿ.

ಅಲರ್ಜಿ ಇರುವವರ ಮಾತು ಇನ್ನೂ ಗಂಭೀರ. ಮೀನಿನ ಅಲರ್ಜಿ ಜಾಸ್ತಿ ಇರುವ ಮಗುವಿಗೆ ಆ ಅರ್ಧ ಬಟ್ಟಲು ಸಾರು ಸಾಕು, ಆಸ್ಪತ್ರೆಗೆ ಓಡಬೇಕಾಗುತ್ತದೆ. "ಪೀಸ್ ಇಲ್ಲ" ಎನ್ನುವ ಉತ್ತರ ಆಗ ಯಾವ ಉಪಯೋಗಕ್ಕೂ ಬರುವುದಿಲ್ಲ.

ಹಾಗಾಗಿ "ವೆಜ್ ಇದೆಯಾ" ಅಂತ ಕೇಳಿ ಬಿಡಬೇಡಿ. ನಾನು ಫೋನಿನಲ್ಲಿ ಅದನ್ನೇ ಕೇಳಿದ್ದೆ, ಹೌದು ಅಂದಿದ್ದರು. "ದಾಶಿ ಯಾವುದರಿಂದ ಮಾಡುತ್ತೀರಿ, ಬರೀ ಕೊಂಬು ಅಥವಾ ಅಣಬೆಯದ್ದಾ?" ಅಂತ ಕೇಳಿ. ಪುಡಿ ಹಾಕುವುದಾದರೆ ಪ್ಯಾಕೆಟ್ ತೋರಿಸಲು ಹೇಳಿ. ಮಿಸೊ ಮೂಲದಲ್ಲಿ ಸೋಯಾ, ಉಪ್ಪು, ಅಕ್ಕಿ ಅಥವಾ ಬಾರ್ಲಿಯದ್ದು. ಆದರೆ ದಾಶಿ ಬೆರೆಸಿದ ರೆಡಿ ಮಿಸೊ ಕೂಡ ಮಾರುಕಟ್ಟೆಯಲ್ಲಿದೆ, ಅದನ್ನೂ ನೋಡಿ. ಪೊಂಜು ಎಂಬ ಹುಳಿ ಸೋಯಾ ಸಾಸಿನಲ್ಲೂ ಹಲವು ಸಲ ಮೀನಿರುತ್ತದೆ. ಕರಿಯುವ ಎಣ್ಣೆ ಬೇರೆಯಾ ಅಂತ ಕೇಳಲು ಸಂಕೋಚ ಬೇಡ. ಉತ್ತರ ತಡವರಿಸಿದರೆ ಎದ್ದು ಬನ್ನಿ, ಊಟಕ್ಕೆ ಬೇರೆ ಜಾಗ ಬೇಕಾದಷ್ಟಿದೆ.

ಬಿಲ್ಲಿನದ್ದು ಇನ್ನೊಂದು ಕಥೆ. ಇಷ್ಟೆಲ್ಲ ಆದ ಮೇಲೂ 10 ಪರ್ಸೆಂಟ್ ಸರ್ವಿಸ್ ಚಾರ್ಜ್ ಸೇರಿಸಿದ್ದರು. ಅದು ಸರ್ಕಾರದ ತೆರಿಗೆ ಅಲ್ಲ. ಕೇಳದೆ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ನನ್ನ ಗಂಡ ಇದನ್ನು ಹೇಳಿದ ಕೂಡಲೇ ತೆಗೆದರು. ಅಂದರೆ ಅವರಿಗೆ ಗೊತ್ತಿತ್ತು. ಊಟದ ದುಡ್ಡು ಮಾತ್ರ ವಾಪಸ್ ಕೊಡಲಿಲ್ಲ.

ಮೆನು, ಬಿಲ್ಲು, ತಟ್ಟೆ ಮೂರರ ಫೋಟೋ ನಮ್ಮ ಹತ್ತಿರ ಇದೆ. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಬಿಲ್ಲಿನಲ್ಲೇ ಇರುತ್ತದೆ, ಅದನ್ನು ಹಾಕಿ ‘ಫುಡ್ ಸೇಫ್ಟಿ ಕನೆಕ್ಟ್’ ಆಪ್‌ನಲ್ಲಿ ದೂರು ಕೊಟ್ಟಿದ್ದೇವೆ. 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ಹೇಳಿದ್ದೇವೆ. ನಿಮಗೂ ಹೀಗಾದರೆ ಎದ್ದು ಬರುವ ಮೊದಲು ಫೋಟೋ ತೆಗೆಯಿರಿ, ಆಮೇಲೆ ಯಾರೂ ಒಪ್ಪಿಕೊಳ್ಳುವುದಿಲ್ಲ.

ಮೊನ್ನೆ ನನ್ನ ಗೆಳತಿ ಆಫೀಸಿನವರ ಜೊತೆ ಅಲ್ಲಿಗೇ ಹೋಗಿದ್ದಳು. ಮೆನು ಬದಲಾಗಿಲ್ಲ, ಸೂಪಿನ ಪಕ್ಕದ ಹಸಿರು ಚುಕ್ಕೆ ಈಗಲೂ ಇದೆಯಂತೆ.